ಒಣಗಿದ ಮೇಲೆ ಏಳುವ ಕಲೆ

ಉಣ್ಣಲು ಕೂತಿದ್ದ ಹುಲಿಗೆವ್ವನನ್ನು ಇಂದ್ರವ್ವ ಎಲೆಯ ಮುಂದಿನಿಂದ ಎಬ್ಬಿಸಿದಳು. ಹುಲಿಗೆವ್ವ ಆ ಮನೆ ಬಿಟ್ಟು ಹೋದ ಮೇಲೆ, ಆಕೆ ಕೂತಿದ್ದ ಜಾಗಕ್ಕೆ ಇಂದ್ರವ್ವನ ಸೊಸೆ ಉಜ್ವಲಾ ಪಾಯಖಾನೆ ತೊಳೆಯುವ ಆ್ಯಸಿಡ್ ಸುರುವಿ ತಿಕ್ಕಿದಳು. ಆ ಫರಸಿ ಕಲ್ಲು ಹಾಸಿದವರು ಹುಲಿಗೆವ್ವ ಮತ್ತು ಆಕೆಯ ಗಂಡ.

ಜಮಖಂಡಿಯ ಆ ಮನೆಯಲ್ಲಿ ಹಿತ್ತಲಿಗೆ ಕಲ್ಲು ಹಾಸುವ ಮಾತು ಎದ್ದದ್ದು ಇಂದ್ರವ್ವನ ಮಗಳು ಪ್ರೀತಿಯ ಸಂಬಂಧ ಕೂಡಿಬಂದ ಮೇಲೆ. ಗಂಡಿನ ಕಡೆಯವರು ಬನಹಟ್ಟಿಯ ಸೀರೆ ವ್ಯಾಪಾರಸ್ಥರು. ಕನ್ಯೆ ನೋಡಲು ಬಂದ ದಿನ ಗಂಡಿನ ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋಗಿ, ನಳದ ಕೆಳಗಿನ ಕೆಸರಿನಲ್ಲಿ ಕಾಲು ಜಾರಿ, ಬೇವಿನ ಗಿಡ ಹಿಡಿದು ಹೇಗೋ ನಿಂತರು. ನಿಂತವರು ಮೇಲೆ ನೋಡಿ, "ನೆಳ್ಳ ಭಾಳ ಛಲೋ ಐತ್ರಿ ನಿಮ್ಮ ಹಿತ್ತಲದಾಗ. ನೆಲಾ ಒಂದಿಷ್ಟ ಮಾಡಿಸಿಬಿಟ್ರ ನಿಶ್ಚಯ ಇಲ್ಲೇ ಮಾಡಬಹುದು" ಅಂದರು. ಅವರು ಅಂದದ್ದು ನಗುತ್ತಲೇ. ಆದರೆ ಮನೆಯ ಯಜಮಾನ, ಇಂದ್ರವ್ವನ ಗಂಡ ಗಿರಿಮಲ್ಲಪ್ಪನಿಗೆ ಅದು ಮುಳ್ಳು ಮುರಿದಂತೆ ನಟ್ಟಿತು. ಹಿಪ್ಪರಗಿಯಲ್ಲಿ ನೀರಾವರಿ ಹೊಲ, ಪೇಟೆಯಲ್ಲಿ ಮಗನ ಗೊಬ್ಬರದ ಅಂಗಡಿ, ಅಂಥವನ ಹಿತ್ತಲಲ್ಲಿ ಬೀಗ ಜಾರಿದ ಅಂದರೆ ಏನಾದೀತು!

ಅಂದು ಸಂಜೆಯ ಊಟಕ್ಕೇ ಕಲ್ಲಿನ ಮಾತು ಶುರುವಾಯಿತು.

"ಇಲಕಲ್ಲ ಗ್ರಾನೈಟ ಹಾಕಸೋಣು," ಅಂದ ಗಿರಿಮಲ್ಲಪ್ಪ, ಜುಣಕಕ್ಕೆ ರೊಟ್ಟಿ ಮುರಿಯುತ್ತ. "ಕೆಂಪಂದು. ಬೀಗರ ಮನಿ ಮುಂದ ಅದ ಐತಿ."

"ಅವರು ಮುಂದ ಹಾಕ್ಯಾರಂತ ನಾವು ಹಿಂದ ಹಾಕೂದನ?" ಇಂದ್ರವ್ವ ನಕ್ಕಳು. "ಶಾಹಾಬಾದ ಹಾಕ್ರಿ. ಬಾಡಗಂಡ್ಯಾಗ ನಮ್ಮಪ್ಪ ಹಾಕಿಸಿದ್ದು ಇನ್ನೂ ಹಂಗ ಐತಿ. ಅದರ ಮ್ಯಾಲ ಎಷ್ಟ ಶೇಂಗಾ ಒಣಗಿಸೇವಿ, ಎಷ್ಟ ಹಪ್ಪಳಾ ಹಾಕೇವಿ."

"ಯವ್ವಾ, ನನ್ನ ನಿಶ್ಚಯಕ್ಕ ಹಪ್ಪಳಾ ಒಣಗಸ್ತೀಯೇನ?" ಅಂದಳು ಪ್ರೀತಿ.

"ಒಣಗಿಸಿದ್ರ ತಿನ್ನಾಕ ನೀನ ಮೊದಲ ಬರ್ತಿ."

ಮಗ ಪರಮಾನಂದ ಮೊಬೈಲಿನಿಂದ ತಲೆ ಎತ್ತದೆ, "ಯಾವುದರೆ ಹಾಕ್ರಿ, ಜಲ್ದಿ ಹಾಕ್ರಿ. ನನಗ ಬಸವ ಜಯಂತಿ ಸಮಿತಿ ಕೆಲಸನ ಬೆನ್ನ ಮುರೀತೈತಿ" ಅಂದ.

ರೊಟ್ಟಿ ಬಡಿಸುತ್ತಿದ್ದ ಅವನ ಹೆಂಡತಿ ಉಜ್ವಲಾ ಬುಟ್ಟಿ ಕೆಳಗಿಟ್ಟಳು.

"ಕಡಪಾ ಹಾಕಿದ್ರ ಹೆಂಗ್ರಿ ಮಾವಾರ? ಕರೇ ಕಲ್ಲು, ಪಾಲಿಶ್ ಹಿಡಿದಿದ್ದು. ಮುಧೋಳದಾಗ ನಮ್ಮ ಕಾಕಾನ ಮನ್ಯಾಗ ಐತಿ. ಬೇವಿನ ಹೂವು ಅದರ ಮ್ಯಾಲ ಉದುರಿದ್ರ ಭಾಳ ಚಂದ ಕಾಣತೈತಿ."

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಉಜ್ವಲಾ ಬಾಯಿಬಿಟ್ಟು ಇಂಥದು ಬೇಕು ಅಂದದ್ದು ಅದೇ ಮೊದಲು. ಅವಳ ಮಗಳು ಕಾವ್ಯಳಿಗೆ ಈಗ ಹತ್ತು ವರ್ಷ. ಹೊಸ ಮಿಕ್ಸರಿನ ಬಣ್ಣ ಕೂಡ ಆ ಮನೆಯಲ್ಲಿ ಅತ್ತೆಯೇ ಆರಿಸುತ್ತಿದ್ದಳು.

"ಹಿತ್ತಲದಾಗ ಹಂಚ ಹಾಸ್ತೀಯೇನ ಬೇ?" ಅಂದಳು ಇಂದ್ರವ್ವ. "ಬ್ಯಾಸಗಿ ಬಿಸಲಿಗೆ ಅದರ ಮ್ಯಾಲ ರೊಟ್ಟಿ ಬೇಯತಾವ."

"ಛಲೋ ಆತಲ್ಲ, ಗ್ಯಾಸ ಉಳೀತು," ಅಂದಳು ಪ್ರೀತಿ. ಎಲ್ಲರೂ ನಕ್ಕರು. ನಗುವಿನಲ್ಲಿ ಉಜ್ವಲಾಳ ಮಾತು ಸಾಯಲಿಲ್ಲ, ಅದೇ ಅವಳಿಗೆ ಆಶ್ಚರ್ಯ. "ನೋಡೋಣು, ಅಂಗಡಿಗೆ ಹೋಗಿ ನೋಡೋಣು," ಅಂದ ಗಿರಿಮಲ್ಲಪ್ಪ.

ಮುಧೋಳ ರಸ್ತೆಯ ಮೇಲೆ ಶಿವಯೋಗೆಪ್ಪನ ಕಲ್ಲಿನ ಅಂಗಡಿ. ಬಯಲಲ್ಲಿ ಫರಸಿಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದ. ಎಲ್ಲವೂ ಧೂಳು ಮೆತ್ತಿ ಒಂದೇ ಬಣ್ಣ. ಶಿವಯೋಗೆಪ್ಪ ಚರಗಿಯಿಂದ ನೀರು ಎರಚಿದ ಹಾಗೆಲ್ಲ ಒಂದೊಂದೇ ಕಲ್ಲು ತನ್ನ ಬಣ್ಣ ಹೇಳಿತು. ಶಾಹಾಬಾದ ಬೂದಿಯಾಯಿತು, ಕೋಟಾ ಹಸಿರಾಯಿತು, ಇಲಕಲ್ಲಿನದು ಕುಂಕುಮ ಕಲಸಿದಂತಾಯಿತು. ಕಡಪಾದ ಮೇಲೆ ನೀರು ಬಿದ್ದದ್ದೇ ಅದರಲ್ಲಿ ಉಜ್ವಲಾಳ ಮುಖ ಕಂಡಿತು.

"ಈಗ ಮಂದಿ ತುಂಡ ತುಂಡ ಮಾಡಿ ಹಾಸಸ್ತಾರ್ರಿ," ಅಂದ ಶಿವಯೋಗೆಪ್ಪ. "ಒಡದ ಕಲ್ಲು ಅಡ್ಡಾದಿಡ್ಡಿ ಕೂಡಸೂದು. ಅದ ಫ್ಯಾಶನ್."

"ಒಡದಿದ್ದು ತಂದು ಮನ್ಯಾಗ ಹಾಸೂದನ? ಮಗಳ ನಿಶ್ಚಯ ಐತ್ರಿ ಯಪ್ಪಾ," ಅಂದಳು ಇಂದ್ರವ್ವ. ಆ ಮಾತಿಗೆ ಯಾರೂ ಎದುರಾಡಲಿಲ್ಲ.

ಕೊನೆಗೆ ಎಲ್ಲರ ಮಾತೂ ಅಷ್ಟಿಷ್ಟು ಉಳಿಯುವಂಥ ದಾರಿ ಸಿಕ್ಕಿತು. ನಡುವೆ ಕಡಪಾದ ಕರಿ ಚೌಕಗಳು, ಸುತ್ತಲೂ ಇಲಕಲ್ಲ ಗ್ರಾನೈಟಿನ ಕೆಂಪು ಪಟ್ಟಿ. "ಕರೀ ಸೀರಿಗೆ ಕೆಂಪ ದಡಿ ಇದ್ದಂಗ," ಅಂದಳು ಉಜ್ವಲಾ. ಬೀಗರು ಸೀರೆ ವ್ಯಾಪಾರದವರಾದ್ದರಿಂದ ಗಿರಿಮಲ್ಲಪ್ಪನಿಗೆ ಅದು ಬಹಳ ಹಿಡಿಸಿತು. ದಾರಿಯುದ್ದಕ್ಕೂ ಅದನ್ನು ತನ್ನ ಮಾತೇ ಎಂಬಂತೆ ಎರಡು ಸಲ ಹೇಳಿದ.

ಹೊರಡುವಾಗ ಶಿವಯೋಗೆಪ್ಪ ಪರಮಾನಂದನ ಎದುರಿಗೇ ಉಜ್ವಲಾಳನ್ನು ನಿಲ್ಲಿಸಿ ಹೇಳಿದ: "ಗ್ರಾನೈಟ ಗಟ್ಟಿ, ಏನ ಸುರುವಿದ್ರೂ ಅದರ ಮಾರಿ ಕೆಡಂಗಿಲ್ಲ. ಕಡಪಾ ಹಂಗಲ್ಲ ತಂಗೀ. ಲಿಂಬಿಹುಳಿ ಬಿದ್ರ ಸೈತ ಬೆಳ್ಳಗ ಆಗತೈತಿ. ಆ್ಯಸಿಡ್ ಅಂತೂ ಅದರ ಹಂತೇಕ ತರಬ್ಯಾಡ್ರಿ. ಆರಿಸಿದಾಕಿ ನೀನು, ನೀನ ನೆನಪಿಟ್ಟಕೊ."

"ಹೂಂನ್ರಿ," ಅಂದಳು ಉಜ್ವಲಾ.

ಫರಸಿ ಹಾಸಲು ಬಂದವನು ಗೌಂಡಿ ಸಂಜು. ಕೆರೆಯ ದಂಡೆಯ ಕೇರಿಯವನು. ಊರಿನಲ್ಲಿ ಅರ್ಧ ಮನೆಗಳ ನೆಲ ಅವನ ಕೈಯದು. ಹಾಸಿ ಮುಗಿಸಿದ ಮೇಲೆ ಆ ನೆಲದ ಮೇಲೆ ಅವನು ಕಾಲಿಟ್ಟ ಮನೆ ಒಂದೂ ಇರಲಿಲ್ಲ. ಅವನ ಜೊತೆ ಅವನ ಹೆಂಡತಿ ಹುಲಿಗೆವ್ವ. ಗಂಡ ಕಲ್ಲು ಕೂಡಿಸಿದರೆ ಈಕೆ ದಾರ ಹಿಡಿಯುವಳು, ಉಸುಕು ಸಿಮೆಂಟಿನ ಮಾಲು ಕಲಸುವಳು, ಸಂದಿಗೆ ಸಿಮೆಂಟು ತುಂಬಿ ಹೆಬ್ಬೆರಳಿನಿಂದ ಎಳೆಯುವಳು. ಮೂರು ವಾರ ಆ ಹಿತ್ತಲು ಅವರಿಬ್ಬರದಾಗಿತ್ತು.

ಹಿತ್ತಲ ಬಾಗಿಲಿನ ಪಕ್ಕದ ಗೂಡಿನಲ್ಲಿ ಎರಡು ಸ್ಟೀಲಿನ ಲೋಟಗಳಿದ್ದವು. ಸಂಜು ಮತ್ತು ಹುಲಿಗೆವ್ವ ಅವನ್ನು ತಾವೇ ತೆಗೆದುಕೊಂಡು ಹಿಡಿಯಬೇಕು, ಉಜ್ವಲಾ ಮೇಲಿನಿಂದ ಚಹಾ ಹೊಯ್ಯಬೇಕು, ಕುಡಿದಾದ ಮೇಲೆ ಅವರೇ ತೊಳೆದು ಗೂಡಿನಲ್ಲಿ ಬೋರಲಿಡಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳುವ ಮಾತಾಗಿದ್ದರೆ ಯಾರಾದರೂ ಒಬ್ಬರು ನಾಚಿ ಬಿಟ್ಟುಬಿಡುತ್ತಿದ್ದರೇನೋ.

"ಅಕ್ಕಾರ, ನಿಮ್ಮ ತವರಮನಿ ಎಲ್ರಿ?" ಒಂದು ದಿನ ಹುಲಿಗೆವ್ವ ಕೇಳಿದಳು.

"ಮುಧೋಳ."

"ಅಯ್ಯ, ನಂದು ಲೋಕಾಪುರ ಬಾಜೂಕ. ನಿಮ್ಮೂರ ಸಂತಿಗೆ ನಮ್ಮವ್ವ ಬರ್ತಿದ್ಲರಿ, ನಾನೂ ಬೆನ್ನ ಹತ್ತಿ ಬರ್ತಿದ್ದೆ. ಹಂಗಾರ ನಮ್ಮ ತವರ ದಾರಿ ಒಂದ ಆತು."

ಅಂದಿನಿಂದ ಚಹಾದ ಹೊತ್ತು ಉದ್ದವಾಯಿತು. ಹುಲಿಗೆವ್ವ ನಗಿಸುವವಳು. ಗಂಡ ಮಟ್ಟಗೋಲು ಇಟ್ಟು ಬಗ್ಗಿ ನೋಡಿದಾಗಲೆಲ್ಲ, "ನೋಡ್ರಿ ಅಕ್ಕಾರ, ಕಲ್ಲಿನ ಮಟ್ಟ ನೋಡ್ತಾನ, ತಾ ಕುಡದು ಬಂದ ದಿನಾ ತನ್ನ ಮಟ್ಟ ನೋಡಂಗಿಲ್ಲ" ಅನ್ನುವಳು. ಸಂಜು, "ಸುಮ್ನಿರಲೇ, ಸಾವಕಾರ ಮನ್ಯಾಗ ಮರ್ಯಾದಿ ತಗೀಬ್ಯಾಡ" ಅನ್ನುವನು. ಉಜ್ವಲಾ ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕದ್ದು ಕೇಳಿ ಇಂದ್ರವ್ವ ಒಳಗಿನಿಂದ, "ಏನ್ ಬೇ ಅದು, ಯಾರ ಬಂದಾರ?" ಅಂತ ಕೂಗುತ್ತಿದ್ದಳು. "ಯಾರೂ ಇಲ್ಲರಿ ಅತ್ತಿ," ಅನ್ನುತ್ತಿದ್ದಳು ಉಜ್ವಲಾ.

ಸಾಲಿ ಬಿಟ್ಟು ಬಂದ ಕಾವ್ಯ ಕೂಡ ಪಾಟಿಚೀಲ ಎಸೆದು ಹುಲಿಗೆವ್ವನ ಹತ್ತಿರ ಕೂತು ಸಂದಿಗೆ ಸಿಮೆಂಟು ಎಳೆಯುತ್ತಿದ್ದಳು. ಒಮ್ಮೆ ಇಂದ್ರವ್ವ ನೋಡಿ, ಹುಡುಗಿಯನ್ನು ಬಚ್ಚಲಿಗೆ ಎಳೆದೊಯ್ದು ತಲೆಯ ಮೇಲೆ ನೀರು ಹಾಕಿದಳು. "ಸಿಮೀಟ ಮೈಗೆ ಛಲೋ ಅಲ್ಲ," ಅಂದಳು ಸೊಸೆಗೆ. ಉಜ್ವಲಾ ಟಾವೆಲ್ ತಂದುಕೊಟ್ಟಳು.

ಕೆಲಸ ಮುಗಿದ ದಿನ ಗೌಂಡಿಗೆ ಹೋಳಿಗೆ ಊಟ ಹಾಕಿ, ಬಟ್ಟೆ ಆಯೇರಿ ಮಾಡಿ ಕಳಿಸುವುದು ಆ ಕಡೆಯ ರೂಢಿ. ಇಂದ್ರವ್ವ ಅದರಲ್ಲಿ ಕೈ ಬಿಗಿ ಹಿಡಿಯುವವಳಲ್ಲ. ನಸುಕಿನಲ್ಲೇ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿಸಿದಳು. ಕಟ್ಟಿನ ಸಾರು, ಎಣ್ಣೆಗಾಯಿ, ಕೆನೆಮೊಸರು. ಸಂಜುಗೆ ಧೋತರ, ಹುಲಿಗೆವ್ವನಿಗೆ ಹಸಿರು ಸೀರೆ, ಅದನ್ನೂ ತಾನೇ ಆರಿಸಿ ತಂದಿದ್ದಳು. "ಉಣ್ಣಾಕ ಹಾಕೂದ್ರಾಗ, ಉಡಾಕ ಕೊಡೂದ್ರಾಗ ಈ ಮನಿ ಎಂದೂ ಹಿಂದ ಬಿದ್ದಿಲ್ಲ," ಅಂದಳು. ಅದು ನಿಜ. ಎಲ್ಲಿ ಕೂಡಿಸಬೇಕೆಂಬುದೂ ಅವಳ ಲೆಕ್ಕದಲ್ಲಿ ಇದ್ದೇ ಇತ್ತು. ದನದ ಕೊಟ್ಟಿಗೆಯ ಮುಂದೆ ಎರಡು ಗೋಣಿಚೀಲ ಹಾಸಿಟ್ಟಿದ್ದಳು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಸಂಜು ಕೈಕಾಲು ತೊಳೆಯಲು ನಳಕ್ಕೆ ಹೋಗಿದ್ದ. ಹುಲಿಗೆವ್ವ ಹೊಸ ಫರಸಿಯನ್ನು ಕೊನೆಯ ಸಲ ಒರೆಸಿ ಎದ್ದಳು. ಬೇವಿನ ನೆರಳು ಕರಿ ಕಲ್ಲಿನ ಮೇಲೆ ತಂಪಾಗಿ ಬಿದ್ದಿತ್ತು. ಹೂವು ಉದುರಿತ್ತು. ಉಜ್ವಲಾ ಹೇಳಿದ್ದಂತೆಯೇ ಇತ್ತು.

"ಎಲ್ಲಿ ಕೂಡ್ಲೆರಿ ಅಕ್ಕಾರ?"

"ಇಲ್ಲೇ ಕೂಡ ಬಾ, ನೆಳ್ಳಾಗ," ಅಂದಳು ಉಜ್ವಲಾ, ತಾನೇ ಎಲೆ ಹಾಸುತ್ತ. "ನೀ ಹಾಸಿದ ಕಲ್ಲು ನೀನ ಮೊದಲ ಕೂಡು."

ಹುಲಿಗೆವ್ವ ಸೆರಗು ಸರಿಮಾಡಿಕೊಂಡು ಕೂತಳು. ಹೋಳಿಗೆ ಬಿತ್ತು. ಒಂದು ತುತ್ತು ಬಾಯಿಗೆ ಹೋಗಿತ್ತು. ತುಪ್ಪದ ಗಿಂಡಿ ಹಿಡಿದು ಇಂದ್ರವ್ವ ಹಿತ್ತಲ ಬಾಗಿಲಿಗೆ ಬಂದಳು.

"ಏ! ಏಳ! ಏಳ ಮ್ಯಾಲ! ಅಲ್ಲಿ ಕೂಡ ಅಂದವರ್ಯಾರ ನಿನಗ?"

ಹುಲಿಗೆವ್ವ ತುತ್ತು ನುಂಗದೆ ಹಾಗೇ ನೋಡಿದಳು.

"ಬೀಗರು ಕೂಡೂ ಜಾಗಾ ಅದು. ಕೊಟ್ಟಗಿ ಮುಂದ ಚೀಲಾ ಹಾಸೇನಿ, ಕಾಣಂಗಿಲ್ಲ? ಎಲಿ ತಗೊಂಡು ನಡಿ ಅಲ್ಲೆ."

"ಅಕ್ಕಾರ ಕೂಡ ಅಂದ್ರು, ಕೂತೇನ್ರಿ ಅವ್ವಾರ."

ಇಂದ್ರವ್ವ ಸೊಸೆಯ ಕಡೆ ತಿರುಗಿದಳು. "ನೀ ಅಂದೀಯೇನ?"

ಉಜ್ವಲಾಳ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಸಾರಿನ ಮೇಲೆ ಕರಿಬೇವಿನ ಎಲೆಯೊಂದು ತಿರುಗುತ್ತಿತ್ತು. ಅದನ್ನೇ ನೋಡುತ್ತ ಅವಳು, "ನಾ ಎಲ್ಲಿ ಅಂದೇನ್ರಿ," ಅಂದಳು.

ಹುಲಿಗೆವ್ವ ಅವಳ ಕಡೆ ಒಮ್ಮೆ ನೋಡಿದಳು. ಎದ್ದಳು. ಎಲೆ ಎತ್ತಿ, ಗೋಡೆಯಾಚೆ ನಾಯಿಗೆ ಹಾಕಿ, ನಳಕ್ಕೆ ಹೋಗಿ ಬಾಯಿ ಮುಕ್ಕಳಿಸಿದಳು. ಬಾಯೊಳಗಿನ ಆ ಒಂದು ತುತ್ತೂ ನೀರಿನ ಜೊತೆ ಹೋಯಿತು. "ನಡಿ," ಅಂದಳು ಗಂಡನಿಗೆ. ಏನಾಯಿತೆಂದು ತಿಳಿಯದ ಸಂಜು ಒದ್ದೆ ಕೈಯಲ್ಲೇ ಚೀಲ ಎತ್ತಿಕೊಂಡ. ಹಸಿರು ಸೀರೆ ಕಟ್ಟೆಯ ಮೇಲೇ ಉಳಿಯಿತು.

"ಸೊಕ್ಕ ನೋಡ ಆಕಿದು!" ಇಂದ್ರವ್ವ ತುಪ್ಪದ ಗಿಂಡಿ ಕೆಳಗೆ ಕುಕ್ಕಿದಳು. "ಹೋಳಿಗಿ ನಾಯಿಗೆ ಹಾಕಿ ಹೋದ್ಲು. ಎಣ್ಣಿಜಿಡ್ಡು, ಎಂಜಲಾ, ಎಲ್ಲಾ ಬಿದ್ದೈತಿ. ಪಾಯಖಾನಿ ಬಾಟ್ಲಿ ತಾ. ಬರೇ ನೀರಿಗೆ ಹೋಗೂದಲ್ಲ ಇದು."

ಎಂಜಲು ಬಿದ್ದಿರಲಿಲ್ಲ. ಜಿಡ್ಡೂ ಇರಲಿಲ್ಲ. ಉಜ್ವಲಾ ಹೋಗಿ ಬಾಟಲಿ ತಂದಳು. ಸುರುವಿದಳು. ಕಲ್ಲು ಚುಸ್ಸೆಂದು ನೊರೆಯೆದ್ದಿತು. ಖರಾಟದ ಕಸಬರಿಗೆಯಿಂದ ತಿಕ್ಕಿದಳು. ನೀರು ಹಾಕಿದಳು. ಹಸಿ ಕಲ್ಲು ಕರ್ರಗೆ ಹೊಳೆಯಿತು, ಏನೂ ಆಗಿಲ್ಲವೆಂಬಂತೆ.

ಸಂಜೆ ಕಲ್ಲು ಒಣಗಿತು. ಮೊದಲು ನೋಡಿದವಳು ಕಾವ್ಯ.

"ಅಮ್ಮಾ, ಇಲ್ಲೆ ಯಾರೋ ಸುಣ್ಣಾ ಚೆಲ್ಲ್ಯಾರ."

ಬೇವಿನ ಕೆಳಗೆ, ಸರಿಯಾಗಿ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತಷ್ಟು ಅಗಲಕ್ಕೆ, ಕರಿ ಕಲ್ಲು ಬೆಳ್ಳಗೆ ಬಿಳಿಚಿತ್ತು. ಉಜ್ವಲಾ ಓಡಿಹೋಗಿ ಹಸಿ ಬಟ್ಟೆಯಿಂದ ಒರೆಸಿದಳು. ಮಾಯವಾಯಿತು. ಉಸಿರು ಬಿಟ್ಟು ಒಳಗೆ ಹೋಗಿ ಅಕ್ಕಿ ತೊಳೆದು ಇಟ್ಟು ಬರುವುದರೊಳಗೆ ಮತ್ತೆ ಎದ್ದು ಕೂತಿತ್ತು.

ಮರುದಿನದಿಂದ ಆ ಮನೆಯಲ್ಲಿ ಉಂಡ ಊಟಕ್ಕೆಲ್ಲ ಆ ಕಲೆಯೇ ಉಪ್ಪಿನಕಾಯಿ.

"ನಾ ಅಂದಿದ್ದೆ, ಗ್ರಾನೈಟ ಹಾಕ್ರಿ ಅಂತ!" ಗಿರಿಮಲ್ಲಪ್ಪ ತಾಟು ಕುಟ್ಟಿದ. "ಸೊಸಿ ಮಾತ ಕೇಳಿ ಕೆಟ್ಟೆ."

"ಶಾಹಾಬಾದ ಹಾಕಿದ್ರ ಡಾಗ ಬಿದ್ರೂ ಕಾಣತಿದ್ದಿಲ್ಲ," ಅಂದಳು ಇಂದ್ರವ್ವ.

"ಅಲ್ಲಾ, ಆ್ಯಸಿಡ್ ತಾಗಬಾರದು ಅಂತ ಶಿವಯೋಗೆಪ್ಪ ನಿನಗ ಹೇಳಿದ್ನಲ್ಲ?" ಪರಮಾನಂದ ಹೆಂಡತಿಯನ್ನು ಹಿಡಿದ. "ನೆನಪಿದ್ದಿಲ್ಲನ?"

"ನೆನಪಿತ್ತು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಕಲ್ಲಿನ ಸಲುವಾಗಿ ಬಾಯಿ ಬಿಡಬೇಕಿತ್ತನ್ರಿ?" ಅಂದಳು ಉಜ್ವಲಾ. "ಆಕಿನ್ನ ಎಬ್ಬಿಸಿದಾಗ ಬಿಡಲಿಲ್ಲ, ಕಲ್ಲಿನ ಸಲುವಾಗಿ ಬಿಡ್ಲೆನು?"

ಪ್ರೀತಿ ಮಜ್ಜಿಗೆ ಹೊಯ್ದುಕೊಳ್ಳುತ್ತ, "ಅಪ್ಪ ಹೇಳೂದು ಖರೆ ಐತಿ ಬಿಡ ವೈನಿ," ಅಂದಳು. "ಗ್ರಾನೈಟ ಹಾಕಬೇಕಾಗಿತ್ತು. ಎಷ್ಟ ಮಂದಿನ್ನ ಎಬ್ಬಿಸಿ ಎಷ್ಟ ತೊಳದ್ರೂ ಗುರ್ತ ಉಳೀತಿದ್ದಿಲ್ಲ."

"ಬಾಯಿ ಮುಚ್ಚಲೇ!" ಇಂದ್ರವ್ವ ಲಟ್ಟಣಿಗೆ ಎತ್ತಿದಳು. "ಕೊಟ್ಟ ಮನ್ಯಾಗ ಈ ನಾಲಿಗಿ ನಡ್ಯಂಗಿಲ್ಲ."

ಮಲಗುವ ಕೋಣೆಯಲ್ಲಿ ಪರಮಾನಂದ ಕನ್ನಡಿಯ ಮುಂದೆ ನಿಂತು ಜಯಂತಿಯ ದಿನದ ಸ್ವಾಗತ ಭಾಷಣ ಬಾಯಿಪಾಠ ಮಾಡುತ್ತಿದ್ದ. ಎಲ್ಲರನ್ನೂ ಒಂದೇ ಪಂಕ್ತಿಗೆ ಕೂಡಿಸಿದ ಶರಣರ ಮಾತು ಬಂದಲ್ಲಿ ಉಜ್ವಲಾ ಹಾಸಿಗೆ ಝಾಡಿಸುವುದನ್ನು ನಿಲ್ಲಿಸಿದಳು.

"ಏನ ನೋಡ್ತಿ?" ಅಂದ ಪರಮಾನಂದ.

"ಏನಿಲ್ಲರಿ. ಒಂದ ಪಂಕ್ತಿ ಅಂದ್ರಲ್ಲ, ಅದನ್ನ ಕೇಳಾಕತ್ತೇನಿ."

"ಭಾಷಣ ಬ್ಯಾರೆ, ಮನಿ ಬ್ಯಾರೆ. ಅವ್ವನ ವಯಸ್ಸು ನೋಡು. ನನಗ ಹೇಳಾಕ ಬಂದಾಕಿ ನೀನ ಆ್ಯಸಿಡ್ ಹಾಕಿದಾಕಿ."

ಬಾಟಲಿ ಹಿಡಿದದ್ದು ಅವಳ ಕೈಯೇ. "ನಾ ಎಲ್ಲಿ ಅಂದೇನ್ರಿ" ಅಂದದ್ದು ಅವಳ ಬಾಯೇ. ಅದು ಸುಳ್ಳೆಂದು ಅವಳು ಗಂಡನಿಗೂ ಹೇಳಿರಲಿಲ್ಲ. ಕೂಡಿಸಿದವಳು ತಾನೇ ಎಂಬುದು ಆ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹುಲಿಗೆವ್ವ ಸುಳ್ಳು ಹೇಳಿದಳು ಎಂದೇ ಎಲ್ಲರೂ ನಂಬಿದ್ದರು.

ಕಲೆ ಅಳಿಸುವ ಪ್ರಯತ್ನಗಳು ನಡೆದವು. ಕೊಬ್ಬರಿ ಎಣ್ಣೆ ಸವರಿದರು; ಇರುವೆ ಬಂದವು, ಕಲೆ ಹೋಗಲಿಲ್ಲ. ತುಳಸಿ ಕುಂಡ ತಂದಿಟ್ಟರು. ಕುಂಡದ ಸುತ್ತ ಕಲೆ ಬಿಳಿ ಅಂಚಿನಂತೆ ಇನ್ನೂ ಎದ್ದು ಕಂಡಿತು. ಪರಮಾನಂದ ಕೊನೆಗೆ ತನ್ನ ಬೂಟಿನ ಕರಿ ಪಾಲಿಶ್ ಡಬ್ಬಿ ತಂದು, ಕುಕ್ಕರಗಾಲಿನಲ್ಲಿ ಕೂತು ಅರ್ಧ ಡಬ್ಬಿ ಬಳಿದ. ಸೈ ಎನಿಸಿತು. ಬೆಳಿಗ್ಗೆ ಸಾಲಿಗೆ ಹೊರಟ ಕಾವ್ಯ ಅದರ ಮೇಲೆ ಓಡಿಬಂದಳು. ಬಿಳಿ ಸಾಕ್ಸು ಕರ್ರಗಾಯಿತು, ಒಳಗಿನ ನೆಲದ ತುಂಬ ಕರಿ ಹೆಜ್ಜೆ ಮೂಡಿದವು. ಇಂದ್ರವ್ವ ತಲೆ ಮೇಲೆ ಕೈ ಹೊತ್ತಳು. ಹೆಜ್ಜೆಗಳನ್ನು ಒರೆಸಿದವಳು ಉಜ್ವಲಾ.

"ಅಮ್ಮಾ, ಹುಲಿಗೆವ್ವ ಕಾಕೂ ಬರಂಗಿಲ್ಲ ಇನ್ನ?" ಸಾಕ್ಸು ಬದಲಿಸುತ್ತ ಕಾವ್ಯ ಕೇಳಿದಳು.

"ಕೆಲಸಾ ಮುಗೀತಲ್ಲ."

"ಕೆಲಸಾ ಇಲ್ಲಂದ್ರ ಬರಬಾರದನ?"

"ರಿಕ್ಷಾ ಬಂತು, ನಡ್ಯ ಜಲ್ದಿ."

"ನಿಶ್ಚಯದ ದಿನಾ ಮ್ಯಾಲ ಜಮಖಾನಿ ಹಾಸಿದ್ರ ಮುಗೀತು," ಅಂದ ಗಿರಿಮಲ್ಲಪ್ಪ.

"ಇಷ್ಟೆಲ್ಲಾ ಮಾಡಿ ಜಮಖಾನಿ ಮುಚ್ಚೂದನ? ಕೆಸರಿನ ಮ್ಯಾಲ ಹಾಸಿದ್ರೂ ಆಗ್ತಿತ್ತಲ್ಲ," ಅಂದಳು ಪ್ರೀತಿ. "ಮತ್ತ ಬೀಗರು ಜಮಖಾನಿ ಸರಿಸಿ ಕಲ್ಲ ನೋಡಾವ್ರ. ಅವರ ಮಾತಿಗೆ ಅಲ್ಲೇನ ಹಾಕಿಸಿದ್ದು?"

ಅದು ಹೌದೆನಿಸಿತು. ಪರಮಾನಂದ ಶಿವಯೋಗೆಪ್ಪನನ್ನು ಕರೆತಂದು ತೋರಿಸಿದ. ಅವನು ಬಗ್ಗಿ ಬೆರಳಾಡಿಸಿ, "ಮೇಲಿನ ಹೊಳಪ ತಿಂದುಬಿಟ್ಟೈತ್ರಿ. ಇದೊಂದ ಫರಸಿ ಕಿತ್ತು ಬ್ಯಾರೆ ಹಾಕಬೇಕು, ಬ್ಯಾರೆ ದಾರಿ ಇಲ್ಲ" ಅಂದ. ಬೇರೆ ಗೌಂಡಿಗಳನ್ನು ಕೇಳಿದರೆ, ಒಬ್ಬರು ಹಾಸಿದ್ದಕ್ಕೆ ಇನ್ನೊಬ್ಬರು ಚಾಣ ಹಚ್ಚುವುದಿಲ್ಲ ಅಂದರು. ಸಂಜುಗೆ ಫೋನು ಮಾಡಿದರೆ, ಚಿಕ್ಕಪಡಸಲಗಿಯಲ್ಲಿ ಕೆಲಸವಿದೆ ಅಂದ. ಮತ್ತೆ ಮಾಡಿದರೆ ಎತ್ತಲೇ ಇಲ್ಲ.

"ನೀನೂ ಬಾ," ಅಂದ ಪರಮಾನಂದ ಹೆಂಡತಿಗೆ. "ಹೆಂಗಸು ಬಂದ್ರ ಆಕಿ ಕೇಳ್ತಾಳು."

ಕೇರಿಯಲ್ಲಿ ಸಂಜುನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳಕ್ಕೆ ಉಳಿದ ಚೂರು ಕಲ್ಲುಗಳನ್ನೆಲ್ಲ ಕೂಡಿಸಿದ್ದರು. ಶಾಹಾಬಾದ, ಕೋಟಾ, ಕೆಂಪು ಗ್ರಾನೈಟು, ನಡುವೆ ಅಂಗೈಯಗಲದ ಒಂದು ಕಡಪಾ. ಹುಲಿಗೆವ್ವ ಒಳಗಿನಿಂದ ಬಂದು ಎರಡು ಪ್ಲಾಸ್ಟಿಕ್ ಖುರ್ಚಿ ಹಾಕಿದಳು. ಚರಗಿ ತುಂಬ ನೀರು ತಂದು ಹಿಡಿದಳು.

"ಬ್ಯಾಡ, ಈಗ ಚಹಾ ಕುಡದ ಬಂದೇವಿ," ಅಂದ ಪರಮಾನಂದ, ನಿಂತುಕೊಂಡೇ.

ಚರಗಿ ಉಜ್ವಲಾಳ ಕಡೆ ತಿರುಗಿತು. ಬಿಸಿಲಲ್ಲಿ ಬಂದು ಅವಳ ನಾಲಿಗೆ ಒಣಗಿ ಅಂಟಿತ್ತು. ಗಂಡ ಅವಳ ಮುಖ ನೋಡಿದ.

"ನೀರಡಿಕಿಲ್ಲ," ಅಂದಳು ಉಜ್ವಲಾ.

ಹುಲಿಗೆವ್ವ ಚರಗಿ ಕೆಳಗಿಟ್ಟಳು. "ಕಲ್ಲಿಗೆ ಏನಾಗೈತ್ರಿ?"

"ಏನೋ ಚೆಲ್ಲೈತಿ ಮ್ಯಾಲ. ಒಂದ ಫರಸಿ ಅಷ್ಟ," ಅಂದ ಪರಮಾನಂದ. "ತಂಗಿ ನಿಶ್ಚಯ ಬಂತು. ಇಲ್ಲ ಅನಬ್ಯಾಡ."

"ಹೆಣ್ಣುಮಗಳ ಕಾರ್ಯೆ ಅಂತೀರಿ, ಇಲ್ಲ ಹೆಂಗನ್ನೂದು. ಬರ್ತೇವು," ಅಂದಳು ಹುಲಿಗೆವ್ವ. ಉಜ್ವಲಾಳ ಕಡೆ ಆಕೆ ಮತ್ತೆ ನೋಡಲಿಲ್ಲ.

ವಾಪಸು ಬರುವಾಗ ಬೈಕಿನ ಮೇಲೆ ಪರಮಾನಂದ ಹಗುರಾಗಿದ್ದ. "ನೋಡಿದ್ಯಾ, ಆಕಿ ಮನಸ್ನ್ಯಾಗ ಏನೂ ಇಟ್ಟಕೊಂಡಿಲ್ಲ," ಅಂದ. ಉಜ್ವಲಾ ಗಾಳಿಗೆ ಮುಖ ಕೊಟ್ಟು ಕೂತಿದ್ದಳು. ಮನೆಗೆ ಬಂದವಳೇ ನಳ ತಿರುವಿ, ಬೊಗಸೆ ಒಡ್ಡಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿದಳು.

ಅವರು ಬರುವ ದಿನ ಬೆಳಿಗ್ಗೆ ಇಂದ್ರವ್ವ ಅಡುಗೆಮನೆಯಲ್ಲಿ ಸೊಸೆಗೆ ಪಾಠ ಒಪ್ಪಿಸಿದಳು. "ಆಕಿ ಕೇಳಿದ್ರ, ಪಾಯಖಾನಿ ತೊಳಿಯಾಕ ಒಯ್ಯುವಾಗ ಕೈ ತಪ್ಪಿ ಬಿತ್ತು ಅನ್ನು. ಸುಮ್ನ ಕೇರಿ ತುಂಬ ಮಾತ ಬ್ಯಾಡ. ಬೀಗರ ಕಿವಿಗೆ ಬಿದ್ರ ಹುಡುಗೀದು ಏನ ಗತಿ?"

ಉಜ್ವಲಾ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇಂದ್ರವ್ವ ಅದನ್ನು ಹೂಂ ಎಂದೇ ತಿಳಿದಳು. ಇಷ್ಟು ವರ್ಷ ಅದು ಹೂಂ ಆಗಿಯೇ ಇತ್ತು.

ಸಂಜು ಹೊಸ ಫರಸಿಯನ್ನು ಹೆಗಲ ಮೇಲೆ ಹೊತ್ತು ಹಿತ್ತಲ ಬಾಗಿಲಿನಿಂದ ಬಂದು ಗೋಡೆಗೆ ಒರಗಿಸಿದ. ಚಾಣ, ಸುತ್ತಿಗೆ ತೆಗೆದು ಬೇವಿನ ಕೆಳಗೆ ಕೂತ. ಹುಲಿಗೆವ್ವ ಕೆಂಪು ದಡಿಯ ಆಚೆಗೆ, ಮಣ್ಣಿನ ಮೇಲೆ ನಿಂತಳು. ಕರಿ ಕಲ್ಲಿನ ಮೇಲೆ ಕಾಲಿಡಲಿಲ್ಲ. ಬಿಸಿಲೇರಿತ್ತು. ಕಲ್ಲು ಒಣಗಿ ಕಲೆ ಹಾಲಿನಂತೆ ಎದ್ದಿತ್ತು.

ಸಂಜು ಚಾಣ ಇಟ್ಟು ಸುತ್ತಿಗೆ ಎತ್ತಿದ.

"ತಡಿ," ಅಂದಳು ಹುಲಿಗೆವ್ವ. ಬಹಳ ಹೊತ್ತು ನೋಡಿದಳು. "ಇದು ಹೆಂಗಾತ್ರಿ?"

"ಆ್ಯಸಿಡ್ ಬಿತ್ತು ಬೇ," ಅಂದ ಗಿರಿಮಲ್ಲಪ್ಪ, ಕಟ್ಟೆಯ ಮೇಲೆ ಕೂತು. "ನೀವು ಹಚ್ಚರಿ ಕೆಲಸಾ."

"ಪಾಯಖಾನಿ ಆ ಮೂಲ್ಯಾಗ ಐತ್ರಿ. ಆ್ಯಸಿಡ್ ಸರಿ ಇಲ್ಲೇ ಬಂದು ಬಿತ್ತನ್ರಿ?"

"ಸೊಸಿ ಕೈ ತಪ್ಪಿ ಬಿತ್ತಂತ ಹೇಳಾಕತ್ತೇವಲ್ಲ!" ಇಂದ್ರವ್ವ ಅಂದಳು.

"ನೀವು ಹೇಳಾಕತ್ತೀರಿ ಅವ್ವಾರ. ಅಕ್ಕಾರ ಕೈ ತಪ್ಪಿದ್ರ ಅಕ್ಕಾರ ಹೇಳ್ಲಿ. ಈಗಿಂದೀಗ ಕಿತ್ತು ಹಾಕಿ ಕೊಡ್ತೇವು."

ಚಹಾದ ಕೆಟಲಿ ಹಿಡಿದು ಉಜ್ವಲಾ ಬಾಗಿಲಲ್ಲಿದ್ದಳು. ಪಕ್ಕದ ಗೂಡಿನಲ್ಲಿ ಎರಡು ಲೋಟ ಬೋರಲಾಗಿದ್ದವು. ಎಲ್ಲರೂ ಅವಳ ಕಡೆ ತಿರುಗಿದರು.

"ಹೇಳಿಬಿಡ ಮತ್ತ, ಒಂದ ಮಾತು," ಅಂದ ಪರಮಾನಂದ.

ಉಜ್ವಲಾ ಕೆಟಲಿ ಕೆಳಗಿಟ್ಟಳು. ಹೊಸ್ತಿಲು ದಾಟಿ ಬಂದು ಕಲೆಯ ಪಕ್ಕ ನಿಂತಳು. ಪಾದ ಸುಡುತ್ತಿತ್ತು.

"ಕೈ ತಪ್ಪಿತು ಅಂತ ಹೇಳ!" ಇಂದ್ರವ್ವ ಹಲ್ಲು ಕಚ್ಚಿ ಅಂದಳು.

"ಹೇಳಂಗಿಲ್ಲರಿ ಅತ್ತಿ."

"ಏನಂದಿ?"

"ಕೈ ತಪ್ಪಿಲ್ಲ." ಅವಳ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. ಹುಲಿಗೆವ್ವನ ಕಡೆ ತಿರುಗಿ ಮತ್ತೊಮ್ಮೆ ಅಂದಳು. "ನನ್ನ ಕೈ ತಪ್ಪಿಲ್ಲ ಹುಲಿಗೆವ್ವಾ. ನಿನಗ ಇಲ್ಲೆ ಕೂಡ ಅಂದಾಕಿ ನಾನ. ಅಂದಿಲ್ಲ ಅಂದಾಕಿನೂ ನಾನ. ನೀ ಹೋದಿಂದ ಬಾಟ್ಲಿ ತಂದು ನಾನ ಸುರುವೇನಿ. ಎಂಜಲಾ ಬಿದ್ದಿದ್ದಿಲ್ಲ, ಜಿಡ್ಡ ಬಿದ್ದಿದ್ದಿಲ್ಲ. ನೀ ಕೂತಿದ್ದಿ ಅಂತ ತೊಳದೇನಿ."

ಸಂಜುನ ಸುತ್ತಿಗೆ ಕೆಳಗಿಳಿಯಿತು. ಹುಲಿಗೆವ್ವ ಪರವಾಗಿಲ್ಲ ಅನ್ನಲಿಲ್ಲ, ಬಯ್ಯಲಿಲ್ಲ, ಅಳಲಿಲ್ಲ. ಉಜ್ವಲಾಳ ಮುಖವನ್ನೇ ನೋಡುತ್ತ ನಿಂತಳು. ಈ ಸಲ ಉಜ್ವಲಾ ಕಣ್ಣು ಕೆಳಗೆ ಹಾಕಲಿಲ್ಲ, ಹಾಕಬೇಕೆನಿಸಿದರೂ.

ಗಿರಿಮಲ್ಲಪ್ಪ ಕಟ್ಟೆಯಿಂದ ಇಳಿದ. ಹೆಗಲ ಮೇಲಿನ ಟಾವೆಲ್ ಜಾರಿ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

"ಉಜ್ವಲಾ, ಒಳಗ ನಡಿ."

ಅವಳು ಅಲ್ಲೇ ನಿಂತಿದ್ದಳು.

"ಒಳಗ ನಡಿ ಅಂದೆ!"

"ಬರಂಗಿಲ್ಲರಿ ಮಾವಾರ," ಅಂದಳು ಉಜ್ವಲಾ.